ತಿಕ್ಕುವುದು ಸುಲಭ, ಒಣಗಿಸುವುದು ಕಷ್ಟ
ನೆಲ, ಕಾರ್ಪೆಟ್ ತೊಳೆಯುವ ಬ್ರಷ್ ಯಂತ್ರಗಳು: ಹೊಸಬರಿಗೊಂದು ಪರಿಚಯ

"ಯಾವ ಮೆಷಿನ್ ತೆಗೆದುಕೊಳ್ಳುವುದು ಸಾರ್?" ಕ್ಲೀನಿಂಗ್ ಕೆಲಸವನ್ನೇ ಉದ್ಯೋಗ ಮಾಡಿಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಇದು. ಪ್ರಶ್ನೆ ಸಹಜವೇ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಫ್ಲ್ಯಾಟು, ಬ್ಯಾಂಕು, ಮಳಿಗೆಗಳಿವೆ. ಬೆಳ್ತಂಗಡಿ ತಾಲೂಕಿನಲ್ಲಿ ಉಜಿರೆ, ಧರ್ಮಸ್ಥಳದ ದಾರಿಯುದ್ದಕ್ಕೂ ವಸತಿಗೃಹ, ಸಭಾಭವನಗಳಿವೆ. ಮೂಡುಬಿದಿರೆಯಲ್ಲಿ ಕಾಲೇಜು, ಹಾಸ್ಟೆಲು, ಕಲ್ಯಾಣ ಮಂಟಪಗಳಿವೆ. ಹಿಡಿಸೂಡಿ ಮತ್ತು ಒರೆಸುವ ಬಟ್ಟೆಯಿಂದ ಮುಗಿಯದಷ್ಟು ನೆಲ ಈ ಮೂರು ತಾಲೂಕುಗಳಲ್ಲಿದೆ. ಸ್ವಂತ ಉದ್ಯೋಗದ ಆಸೆಯೂ ಈ ಕಡೆಗೆ ಹೊಸದಲ್ಲ. ನಿರುದ್ಯೋಗಿ ಯುವಕರಿಗೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಹುಟ್ಟಿದ್ದು 1982ರಲ್ಲಿ, ಇದೇ ಉಜಿರೆಯಲ್ಲಿ.

ಪ್ರಶ್ನೆಗೆ ಉತ್ತರ ಮಾತ್ರ ಯಂತ್ರದ ಹೆಸರಿನಿಂದ ಶುರುವಾಗುವುದಿಲ್ಲ. ಮಾರುವವರು ಹೇಳುವುದು ಮೋಟಾರಿನ ಶಕ್ತಿ, ಬ್ರಷ್ಷಿನ ವೇಗ. ತಿಕ್ಕುವ ಶಕ್ತಿ ಎಲ್ಲ ಯಂತ್ರಗಳಿಗೂ ಇದ್ದೇ ಇದೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಕೆಲಸ ಕೆಡುವುದು ತಿಕ್ಕುವಾಗ ಅಲ್ಲ, ತಿಕ್ಕಿದ ನೀರು ಒಣಗದೆ ಉಳಿದಾಗ. ಹಾಗಾಗಿ ಪ್ರತಿ ಯಂತ್ರದ ಮುಂದೆಯೂ ನಾವು ಎರಡು ಪ್ರಶ್ನೆ ಇಡೋಣ. ಇದು ಹೇಗೆ ತಿಕ್ಕುತ್ತದೆ? ತಿಕ್ಕಿ ಮುಗಿದ ಮೇಲೆ ಎಷ್ಟು ನೀರು ಬಿಟ್ಟುಹೋಗುತ್ತದೆ?

ಕೊಳೆ ಬಿಡುವುದಕ್ಕೆ ನಾಲ್ಕು ಕಾರಣ

ಯಂತ್ರಕ್ಕೆ ಹೋಗುವ ಮೊದಲು ಒಂದು ಸಣ್ಣ ಪಾಠ. ಜರ್ಮನಿಯ ಹೆಂಕೆಲ್ ಸಾಬೂನು ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ತಜ್ಞ 1959ರಲ್ಲಿ ಇದನ್ನು ಒಂದು ವೃತ್ತದ ಚಿತ್ರವಾಗಿ ಬರೆದ. ಯಾವ ಕೊಳೆಯಾದರೂ ನಾಲ್ಕರ ಬಲದಿಂದ ಬಿಡುತ್ತದೆ: ಸಾಬೂನಿನ ರಸಾಯನ, ತಿಕ್ಕುವ ಬಲ, ನೀರಿನ ಬಿಸಿ, ನೆನೆಯುವ ಸಮಯ. ನಾಲ್ಕರಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದಾದರೂ ಹೆಚ್ಚಬೇಕು.

ಹೊಸಬರು ಹೆಚ್ಚಾಗಿ ಮರೆಯುವುದು ನಾಲ್ಕನೆಯದನ್ನು. ದ್ರಾವಣ ಸುರಿದ ತಕ್ಷಣ ಯಂತ್ರ ಓಡಿಸುತ್ತಾರೆ, ಕೊಳೆ ಬಿಡಲಿಲ್ಲವೆಂದು ಇನ್ನಷ್ಟು ಗಟ್ಟಿ ಬ್ರಷ್ ಹಾಕುತ್ತಾರೆ, ಕೊನೆಗೆ ಆಸಿಡ್ ಡಬ್ಬಿಗೆ ಕೈಹಾಕುತ್ತಾರೆ. ಹತ್ತು ನಿಮಿಷ ನೆನೆಯಲು ಬಿಟ್ಟಿದ್ದರೆ ಮೆತ್ತನೆಯ ಬ್ರಷ್ಷೇ ಸಾಕಾಗುತ್ತಿತ್ತು. ನೆನೆಸುವುದೆಂದರೆ ಒದ್ದೆಯಾಗಿ ಇಟ್ಟಿರುವುದು. ದ್ರಾವಣ ನೆಲದ ಮೇಲೆಯೇ ಒಣಗಿದರೆ ಬಿಳಿಯ ಕಲೆ ಉಳಿದು ಕೆಲಸ ದುಪ್ಪಟ್ಟಾಗುತ್ತದೆ.

ಮೊದಲು ನೆಲ ನೋಡಿ

ನಮ್ಮ ಕಡೆಯ ಒಂದೇ ಮನೆಯಲ್ಲಿ ನಾಲ್ಕು ಬಗೆಯ ನೆಲ ಸಿಗುವುದುಂಟು. ಒಂದೊಂದರ ಗುಣ ಬೇರೆ.

ಹಳೆಯ ಮನೆಗಳ ಕಾವಿ ನೆಲ ಎಂದರೆ ಸಿಮೆಂಟಿಗೆ ಕೆಂಪು ಬಣ್ಣ ಸೇರಿಸಿ ನಯ ಮಾಡಿದ್ದು. ಸಿಮೆಂಟು ಆಸಿಡ್ ತಡೆಯುವುದಿಲ್ಲ. ಒಮ್ಮೆ ಸುರಿದರೆ ವರ್ಷಗಟ್ಟಲೆ ಕಾಲು ಸವೆದು ಬಂದ ಹೊಳಪು ಹೋಗುತ್ತದೆ. ಇದಕ್ಕೆ ಬಿಳಿಯ ಮೆತ್ತನೆಯ ಪ್ಯಾಡು, ಕ್ಷಾರವೂ ಆಮ್ಲವೂ ಅಲ್ಲದ ಸೋಪು ಸಾಕು.

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಾಡಿನ ಹಂಚಿನ ಜೊತೆಗೆ ನೆಲದ ಹಂಚೂ ನಮ್ಮ ಮನೆಗಳಿಗೆ ಬಂತು. ಸುಟ್ಟ ಮಣ್ಣು ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಧಾರಾಳ ನೀರು ಹಾಕಿ ತಿಕ್ಕಿದರೆ ದಿನಗಟ್ಟಲೆ ತೇವ ಬಿಡದು.

ಈಗಿನ ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದಿಲ್ಲ, ಕಲೆಯೂ ಸುಲಭಕ್ಕೆ ಹಿಡಿಯದು. ಇಲ್ಲಿ ಕೊಳೆ ಕೂರುವುದು ಟೈಲ್ಸಿನ ಮೇಲಲ್ಲ, ಸಂದಿನಲ್ಲಿ. ಸಂದಿನ ಸಿಮೆಂಟು ಟೈಲ್ಸಿಗಿಂತ ಕೂದಲೆಳೆಯಷ್ಟು ತಗ್ಗಿನಲ್ಲಿರುತ್ತದೆ. ಒರೆಸುವ ಬಟ್ಟೆ ಮೇಲಿನ ಕೊಳೆನೀರನ್ನು ದಿನವೂ ಅಲ್ಲಿಗೆ ತಳ್ಳುತ್ತದೆ. ಪಾರ್ಕಿಂಗ್ ಮತ್ತು ಬಚ್ಚಲಿನ ಜಾರದ ಟೈಲ್ಸಿನಲ್ಲಿ ಮೇಲ್ಮೈಯೇ ತರಿತರಿ, ಅಲ್ಲಿ ಇಡೀ ಟೈಲ್ಸೇ ಸಂದಿನ ಹಾಗೆ.

ಕಡಪ ಕಲ್ಲು ಸುಣ್ಣದ ಜಾತಿಯದು, ಆಸಿಡ್ ಬಿದ್ದರೆ ಬೆಳ್ಳಗಾಗುತ್ತದೆ. ಗ್ರಾನೈಟ್ ಗಟ್ಟಿ, ಆದರೆ ದೇವಸ್ಥಾನದಲ್ಲಿ ದೀಪದೆಣ್ಣೆ ಇಳಿದು ಅದರ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 15ನೇ ಶತಮಾನದಲ್ಲಿ. ಅಂಥ ಹಳೆಯ ಕಟ್ಟಡದ ಕಲ್ಲಿಗೆ ಈ ಯಂತ್ರಗಳಲ್ಲಿ ಯಾವುದೂ ಬೇಡ. ಅದು ಸಂರಕ್ಷಣೆ ಬಲ್ಲವರ ಕೆಲಸ.

ಇನ್ನು ಕಾರ್ಪೆಟ್. ಮಸೀದಿಯ ನಮಾಜಿನ ಕಾರ್ಪೆಟ್ ಸಾಮಾನ್ಯವಾಗಿ ಕೃತಕ ನೂಲಿನದು. ಎಳೆ ನೀರು ಹೀರುವುದಿಲ್ಲವಾದರೂ ಎಳೆಗಳ ನಡುವೆ ನೀರು ನಿಲ್ಲುತ್ತದೆ. ಸಭಾಂಗಣದ ಕಾರ್ಪೆಟಿನ ಬೆನ್ನಿಗೆ ಸೆಣಬು ಇದ್ದರೆ ಅತಿಯಾಗಿ ನೆನೆದಾಗ ಕುಗ್ಗುತ್ತದೆ, ಕಂದು ಬಣ್ಣ ಮೇಲಕ್ಕೇರುತ್ತದೆ. ಉಣ್ಣೆಯದಾದರೆ ಬಿಸಿನೀರು, ಕಾರದ (ಕ್ಷಾರದ) ಸೋಪು ಎರಡೂ ಆಗದು. ಮದುವೆ ಮನೆಯಲ್ಲಿ ಹಾಸುವ ಅಗ್ಗದ ಕೆಂಪು ಹಾಸಿನಲ್ಲಿ ಎಳೆಯೇ ಇರುವುದಿಲ್ಲ. ಗಟ್ಟಿಯಾಗಿ ತಿಕ್ಕಿದರೆ ಜುಂಗು ಏಳುತ್ತದೆ.

ಕೊಳೆಯ ಗುರುತು

ನಮ್ಮ ಊರಿನ ಮುಖ್ಯ ಕೊಳೆ ಕೆಂಪು ಮಣ್ಣು. ಮುರಕಲ್ಲಿನ ಈ ಪುಡಿಯಲ್ಲಿರುವುದು ಕಬ್ಬಿಣದ ಆಕ್ಸೈಡ್. ಅದು ಯಾವ ಸೋಪಿನಲ್ಲೂ ಕರಗುವುದಿಲ್ಲ. ಒಣಗಿದ್ದಾಗ ವ್ಯಾಕ್ಯೂಮಿನಲ್ಲಿ ಎಳೆದರೆ ಬರುತ್ತದೆ. ನೀರು ಹಾಕಿದಿರೋ, ಕೆಸರಾಗಿ ಕಾರ್ಪೆಟಿನ ಬುಡಕ್ಕೆ ಇಳಿಯುತ್ತದೆ. ಆದ್ದರಿಂದ ಒಣ ಗುಡಿಸುವಿಕೆ, ಒಣ ವ್ಯಾಕ್ಯೂಮ್ ಎಂಬುದು ಮುಖ್ಯ ಕೆಲಸದ ಅರ್ಧ ಭಾಗ, ಅದು ಪೂರ್ವಸಿದ್ಧತೆಯಲ್ಲ.

ಊಟದ ಹಾಲಿನ ಅರಸಿನದ ಕಲೆಗೆ ಕಾರದ ಸೋಪು ಹಾಕಿದರೆ ಹಳದಿ ಹೋಗಿ ಕೆಂಪಾಗುತ್ತದೆ. ಗಾಬರಿ ಬೇಡ, ಅದು ಅರಸಿನದ ಗುಣ. ಬಿಸಿಲು ತಾಗಿದರೆ ಕಲೆ ತಾನಾಗಿ ಮಾಸುತ್ತದೆ. ಎಲೆ ಅಡಿಕೆಯ ಉಗುಳಿನಲ್ಲಿ ಅಡಿಕೆಯ ಚೊಗರು ಇದೆ. ಅದೂ ಕಾರ ತಾಗಿದರೆ ಕಪ್ಪಗೆ ಕಚ್ಚಿಕೊಳ್ಳುತ್ತದೆ, ತೆಳು ಹುಳಿಗೆ ಬಿಡುತ್ತದೆ. ಎಣ್ಣೆ ಜಿಡ್ಡಿಗೆ ಮಾತ್ರ ಕಾರವೇ ಬೇಕು. ಇಗರ್ಜಿಯ ಕಾರ್ಪೆಟಿನ ಮೇಲಿನ ಮೇಣಕ್ಕೆ ಬ್ರಷ್ ತಾಗಿಸಲೇಬಾರದು. ಅದನ್ನು ಕೆರೆದು ತೆಗೆದು, ಉಳಿದದ್ದರ ಮೇಲೆ ಕಾಗದ ಇಟ್ಟು, ಹದವಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಕಾಗದ ಹೀರಿಕೊಳ್ಳುತ್ತದೆ.

ಸಿಂಗಲ್ ಡಿಸ್ಕ್: ಹಳೆಯ ದುಡಿಮೆಗಾರ

ಈಗ ಯಂತ್ರಗಳಿಗೆ ಬರೋಣ. ಮೊದಲು ಎಲ್ಲರೂ ನೋಡಿರುವ ಸಿಂಗಲ್ ಡಿಸ್ಕ್. ಉದ್ದ ಹಿಡಿ, ಕೆಳಗೆ ದುಂಡು ಬ್ರಷ್, ಅದರ ಮೇಲೆ ಮೋಟಾರು. ರೂಢಿಯಲ್ಲಿರುವ ಅಳತೆ 17 ಇಂಚು, ಅಂದರೆ 43 ಸೆಂಟಿಮೀಟರ್. ಬ್ರಷ್ ನಿಮಿಷಕ್ಕೆ 150ರಿಂದ 180 ಸುತ್ತು ತಿರುಗುತ್ತದೆ. ತೂಕ ಸುಮಾರು 40 ಕಿಲೋ. ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತುವ ಯಂತ್ರ ಬಂದರೆ ಅದು ಹೊಳಪು ಕೊಡುವಂಥದು. ನೀರು ಹಾಕಿ ತಿಕ್ಕಲು ಅದನ್ನು ಬಳಸಬಾರದು, ಸುತ್ತಲಿನ ಗೋಡೆಗೆಲ್ಲ ಎರಚುತ್ತದೆ.

ಇದನ್ನು ತಳ್ಳಬಾರದು, ನಡೆಸಬೇಕು. ಹಿಡಿಯನ್ನು ಸೊಂಟದ ಮಟ್ಟಕ್ಕೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಹಿಡಿ ಕೊಂಚ ಎತ್ತಿದರೆ ಯಂತ್ರ ಬಲಕ್ಕೆ, ಕೊಂಚ ಇಳಿಸಿದರೆ ಎಡಕ್ಕೆ ಹೋಗುತ್ತದೆ. ಬಲಪ್ರಯೋಗ ಮಾಡಿದವರನ್ನು ಅದೇ ಎಳೆದುಕೊಂಡು ಹೋಗುತ್ತದೆ. ಕಲಿಯುವಾಗ ಕುರ್ಚಿ ಮೇಜು ಇಲ್ಲದ ಹಾಲಿನ ನಡುವೆ, ಬರೀ ನೀರಿನಲ್ಲಿ ಅಭ್ಯಾಸ ಮಾಡಿ. ವಯರನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನ ಹಿಂದೆ ಬಿಡಿ. ಕೆಲಸ ಮುಗಿದ ಮೇಲೆ ಬ್ರಷ್ ಬಿಚ್ಚಿಡಿ. ಯಂತ್ರದ ಭಾರ ಬ್ರಷ್ ಮೇಲೆಯೇ ಕೂತರೆ ಎಳೆಗಳು ಬಾಗಿ, ಮರುದಿನ ಯಂತ್ರ ಕುಣಿಯತೊಡಗುತ್ತದೆ.

ಇದರ ಗುಣ: ಅಗ್ಗ, ಗಟ್ಟಿಮುಟ್ಟು, ರಿಪೇರಿ ಸುಲಭ, ಒಂದೇ ಯಂತ್ರಕ್ಕೆ ಬ್ರಷ್ಷೂ ಪ್ಯಾಡೂ ಹಾಕಬಹುದು. ಸಮತಟ್ಟಾದ ಗ್ರಾನೈಟ್, ಮೊಸಾಯಿಕ್‌ಗಳಿಗೆ ಇದಕ್ಕಿಂತ ಬೇರೆ ಬೇಕಿಲ್ಲ. ದೋಷ ಎರಡು. ಮೊದಲನೆಯದು, ಟೈಲ್ಸ್ ಸಂದಿನ ಮೇಲೆ ಪ್ಯಾಡು ಜಾರಿಕೊಂಡು ಹೋಗುತ್ತದೆ. ಬ್ರಷ್ ಹಾಕಿದರೆ ಸ್ವಲ್ಪ ವಾಸಿ. ಎರಡನೆಯದು, ಒಂದು ಹನಿ ನೀರನ್ನೂ ಇದು ಹಿಂದಕ್ಕೆ ಎಳೆಯುವುದಿಲ್ಲ. ಹಿಂದೆ ಇನ್ನೊಬ್ಬರು ನೀರು ಎಳೆಯುವ ವ್ಯಾಕ್ಯೂಮ್ ಹಿಡಿದು ಬರಲೇಬೇಕು. ವ್ಯಾಕ್ಯೂಮ್ ಬದಲು ಬರೀ ರಬ್ಬರ್ ವೈಪರಿನಲ್ಲಿ ತಳ್ಳಿದರೆ ಸಂದಿನಿಂದ ತೆಗೆದ ಕೊಳೆಯನ್ನು ಮತ್ತೆ ಸಂದಿಗೇ ತುಂಬಿದ ಹಾಗೆ.

ಕಾರ್ಪೆಟಿಗೆ ಸಿಂಗಲ್ ಡಿಸ್ಕ್ ಓಡಿಸುವವರಿದ್ದಾರೆ. ಶಾಂಪೂ ಬ್ರಷ್ ಎಂದು ಮೆತ್ತನೆಯದು ಸಿಗುತ್ತದೆ. ಆದರೂ ಒಂದೇ ದಿಕ್ಕಿಗೆ ತಿರುಗುವ ಬ್ರಷ್ ಎಳೆಗಳನ್ನು ತಿರುಚಿ ಸುರುಳಿ ಗುರುತು ಬಿಡಬಹುದು. ಹತ್ತಿಯ ಪ್ಯಾಡು ಹಾಕಿ ಒರೆಸುವ ಪದ್ಧತಿಯನ್ನು ಹಲವು ಕಾರ್ಪೆಟ್ ತಯಾರಕರು ಒಪ್ಪುವುದಿಲ್ಲ. ಮೇಲಿನ ಕೊಳೆ ಹೋಗಿ ಚಂದ ಕಾಣುತ್ತದೆ, ಬುಡದ ಕೊಳೆ ಅಲ್ಲೇ ಇರುತ್ತದೆ.

ಜೋಡಿ ಸಿಲಿಂಡರ್: ಕಾರ್ಪೆಟಿಗೂ ಸಂದಿಗೂ

ಎರಡನೆಯ ಬಗೆಯಲ್ಲಿ ಬ್ರಷ್ ದುಂಡು ತಟ್ಟೆಯಲ್ಲ, ಉದ್ದನೆಯ ಉರುಳೆ. ಎರಡು ಉರುಳೆಗಳು ಅಕ್ಕಪಕ್ಕ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಒಂದು ಎಳೆಯುವುದನ್ನು ಇನ್ನೊಂದು ತಡೆಯುವುದರಿಂದ ಯಂತ್ರ ಪಕ್ಕಕ್ಕೆ ಓಡುವುದಿಲ್ಲ, ಕಲಿಯಲು ಸುಲಭ. ಕಾರ್ಪೆಟ್ ಎಳೆಯನ್ನು ಎರಡೂ ಕಡೆಯಿಂದ ತಿಕ್ಕಿ ನೆಟ್ಟಗೆ ನಿಲ್ಲಿಸುತ್ತದೆ. ಸಿಕ್ಕಿಕೊಂಡ ಕೂದಲು, ನೂಲಿನ ತುಂಡು ಮೇಲೆ ಬರುತ್ತವೆ.

ಉರುಳೆ ಬ್ರಷ್ಷಿನ ವಿದ್ಯೆ ಹಳೆಯದು. ಅಮೆರಿಕದ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ ಪಿಂಗಾಣಿ ಅಂಗಡಿ ಇಟ್ಟಿದ್ದ ಮೆಲ್ವಿಲ್ ಬಿಸೆಲ್, ಕಾರ್ಪೆಟಿಗೆ ಅಂಟುವ ಮರದ ಹೊಟ್ಟಿನ ಕಾಟ ತಾಳದೆ, ತಳ್ಳಿದರೆ ಉರುಳೆ ಬ್ರಷ್ ತಿರುಗುವ ಗುಡಿಸುವ ಪೆಟ್ಟಿಗೆಗೆ 1876ರಲ್ಲಿ ಪೇಟೆಂಟ್ ಪಡೆದ. ಇಂದಿನ ಯಂತ್ರಗಳು ಅದಕ್ಕೆ ಮೋಟಾರು, ಎರಡನೆಯ ಉರುಳೆ, ನೀರಿನ ಟ್ಯಾಂಕು ಸೇರಿಸಿಕೊಂಡಿವೆ. ಬ್ರಿಟನ್ನಿನ ಟ್ರೂವಾಕ್ಸ್ ಕಂಪನಿಯ ಮಲ್ಟಿವಾಶ್ ಈ ಜಾತಿಯದು. ಒಂದೇ ಓಟದಲ್ಲಿ ದ್ರಾವಣ ಚಿಮುಕಿಸಿ, ತಿಕ್ಕಿ, ಕೊಳೆನೀರನ್ನು ಬಹುಪಾಲು ಎತ್ತಿಕೊಳ್ಳುತ್ತದೆ. ಜರ್ಮನಿಯ ಸೆಬೊ, ಅಮೆರಿಕದ ಹೋಸ್ಟ್ ಯಂತ್ರಗಳು ಒದ್ದೆ ಪುಡಿಯನ್ನು ಕಾರ್ಪೆಟಿನ ಮೇಲೆ ಉದುರಿಸಿ, ಬ್ರಷ್ಷಿನಿಂದ ಒಳಗಿಳಿಸಿ, ಕೊಳೆ ಹೀರಿದ ಪುಡಿಯನ್ನು ವ್ಯಾಕ್ಯೂಮಿನಲ್ಲಿ ಎಳೆಯುವ ಕ್ರಮದವು. ಅಲ್ಲಿ ನೀರಿನ ಸಮಸ್ಯೆ ಬಹುತೇಕ ಇಲ್ಲವೇ ಇಲ್ಲ.

ನೋಡಲು ಇವು ಚಿಕ್ಕವು, ಹಗುರ. "ಇದು ತಿಕ್ಕೀತೇ?" ಎಂಬ ಅನುಮಾನ ಬರುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 43 ಸೆಂಟಿಮೀಟರ್ ಅಗಲದ ದುಂಡು ಬ್ರಷ್ಷಿನ ವಿಸ್ತೀರ್ಣ ಸುಮಾರು 1450 ಚದರ ಸೆಂಟಿಮೀಟರ್. 40 ಕಿಲೋ ಭಾರ ಪೂರ್ತಿ ಅದರ ಮೇಲೆ ಬಿದ್ದರೂ ಚದರ ಸೆಂಟಿಮೀಟರಿಗೆ ಸಿಗುವುದು 28 ಗ್ರಾಂ. ಉರುಳೆ ನೆಲಕ್ಕೆ ತಾಗುವುದು ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ. 34 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಪಟ್ಟಿ ಎಂದಿಟ್ಟುಕೊಳ್ಳಿ. ಎರಡು ಉರುಳೆಗೆ 136 ಚದರ ಸೆಂಟಿಮೀಟರ್. ಯಂತ್ರದ ತೂಕ 20 ಕಿಲೋ ಆದರೂ ಚದರ ಸೆಂಟಿಮೀಟರಿಗೆ 147 ಗ್ರಾಂ. ಅರ್ಧ ತೂಕದ ಯಂತ್ರದಿಂದ ಐದು ಪಟ್ಟು ಒತ್ತಡ! ಭಾರದಲ್ಲಿ ಒಂದಿಷ್ಟನ್ನು ಚಕ್ರಗಳು ಹೊರುತ್ತವೆ, ಲೆಕ್ಕ ತುಸು ಆಚೀಚೆ ಆಗುತ್ತದೆ, ಆದರೆ ತಾತ್ಪರ್ಯ ಬದಲಾಗದು. ಸಂದಿನೊಳಕ್ಕೆ ಎಳೆಗಳು ಇಳಿಯುವುದು ಇದರಿಂದಲೇ.

ದೋಷವಿಲ್ಲವೆಂದಲ್ಲ. ಬೆಲೆ ಸಿಂಗಲ್ ಡಿಸ್ಕಿಗಿಂತ ಜಾಸ್ತಿ. ಅಗಲ ಕಡಿಮೆ, ದೊಡ್ಡ ಹಾಲಿಗೆ ಸಮಯ ಹಿಡಿಯುತ್ತದೆ. ಟ್ಯಾಂಕು ಸಣ್ಣದು, ಪದೇ ಪದೇ ತುಂಬಬೇಕು. ಬ್ರಷ್ಷು, ಬೆಲ್ಟು ಆಮದಾಗಬೇಕಾದರೆ ಕಾಯಬೇಕು. ಕೊಳ್ಳುವಾಗಲೇ ಒಂದು ಜೊತೆ ಬ್ರಷ್, ಒಂದು ಬೆಲ್ಟ್ ಹೆಚ್ಚಿಗೆ ತೆಗೆದಿಡುವುದು ಜಾಣತನ. ಗೋಡೆಯ ಅಂಚಿನ ಒಂದೆರಡು ಇಂಚು ಯಾವ ಯಂತ್ರಕ್ಕೂ ಸಿಗುವುದಿಲ್ಲ. ಅಲ್ಲಿ ಕೈಬ್ರಷ್ಷೇ ಗತಿ.

ಮೂರು ಬ್ರಷ್ಷಿನದು, ಅದುರುವಂಥದು

ಸೈಮೆಕ್ಸ್ ಎಂಬ ಯಂತ್ರದಲ್ಲಿ ಮೂರು ದುಂಡು ಬ್ರಷ್ಷುಗಳು ತಮ್ಮಷ್ಟಕ್ಕೆ ತಿರುಗುತ್ತ, ಅವನ್ನು ಹೊತ್ತ ತಟ್ಟೆಯೂ ತಿರುಗುತ್ತದೆ. ಒಂದೇ ಜಾಗಕ್ಕೆ ಎಲ್ಲ ದಿಕ್ಕಿನಿಂದ ಬ್ರಷ್ ತಾಗುವುದರಿಂದ ದೊಡ್ಡ ಕಚೇರಿ, ಸಿನಿಮಾ ಮಂದಿರದ ಗಟ್ಟಿ ಕಾರ್ಪೆಟಿಗೆ ಹೇಳಿ ಮಾಡಿಸಿದ್ದು. ಆರ್ಬಿಟಲ್ ಯಂತ್ರದಲ್ಲಿ ಪ್ಯಾಡು ತಿರುಗುವುದಿಲ್ಲ, ಅತಿ ವೇಗವಾಗಿ ಸಣ್ಣದಾಗಿ ಅದುರುತ್ತದೆ. ನಡೆಸುವುದು ತೀರ ಸುಲಭ, ನೀರು ಎರಚುವುದಿಲ್ಲ, ಸಂದಿಗೆ ಮಾತ್ರ ಇಳಿಯದು.

ಇವೆರಡರ ಜೊತೆಗೂ, ಜೋಡಿ ಸಿಲಿಂಡರಿನ ಜೊತೆಗೂ ಬಳಸುವ ಒಂದು ರಸಾಯನದ ಬಗ್ಗೆ ತಿಳಿದಿರಬೇಕು. ಎನ್‌ಕ್ಯಾಪ್ಸುಲೇಶನ್ ಎನ್ನುತ್ತಾರೆ. ಈ ದ್ರಾವಣದ ಪಾಲಿಮರ್ ಕೊಳೆಯ ಕಣವನ್ನು ಸುತ್ತುವರಿದು, ಒಣಗಿದಾಗ ಪುಡಿಪುಡಿ ಹರಳಾಗುತ್ತದೆ. ಆ ಹರಳು ಆಮೇಲಿನ ವ್ಯಾಕ್ಯೂಮಿನಲ್ಲಿ ಬರುತ್ತದೆ. ನೀರು ಬಹಳ ಕಡಿಮೆ ಸಾಕು. ಸಾಧಾರಣ ಹವೆಯಲ್ಲಿ ಒಂದೆರಡು ಗಂಟೆಯಲ್ಲಿ ಕಾರ್ಪೆಟ್ ನಡೆಯುವಂತಾಗುತ್ತದೆ. ತೀರ ಕೊಳೆಯಾದ ಕಾರ್ಪೆಟಿಗೆ ಬಿಸಿನೀರು ಚುಚ್ಚಿ ಎಳೆಯುವ ಎಕ್ಸ್‌ಟ್ರಾಕ್ಷನ್ ಯಂತ್ರವೇ ಬೇಕಾಗುತ್ತದೆ. ಅದು ಬುಡದವರೆಗೆ ತೊಳೆಯುತ್ತದೆ, ಆದರೆ ಒಣಗಲು ಬಹಳ ಹೊತ್ತು. ಕಾರ್ಪೆಟ್ ಒಂದೆರಡು ದಿನ ಒದ್ದೆಯಾಗಿಯೇ ಉಳಿದರೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ಜುಲೈ ತಿಂಗಳಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿ ಹಗ್ಗಕ್ಕೆ ಹಾಕಿದ ಅಂಗಿಯೇ ಒಣಗುವುದಿಲ್ಲ, ನೆಲಕ್ಕೆ ಅಂಟಿದ ಕಾರ್ಪೆಟ್ ಒಣಗೀತೇ?

ಸ್ಕ್ರಬರ್ ಡ್ರೈಯರ್: ದೊಡ್ಡ ಹಾಲಿಗೆ

ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಕಾಣುವ, ಹಿಂದೆ ನಡೆದುಕೊಂಡು ಓಡಿಸುವ ಯಂತ್ರ ಇದು. ಮುಂದೆ ಬ್ರಷ್, ಹಿಂದೆ ಬಾಗಿದ ರಬ್ಬರ್ ಪಟ್ಟಿ, ನಡುವೆ ಶುದ್ಧ ನೀರಿಗೊಂದು ಕೊಳೆನೀರಿಗೊಂದು ಟ್ಯಾಂಕು. ನೀರು ಬಿಟ್ಟು, ತಿಕ್ಕಿ, ಎಳೆದುಕೊಂಡು ಹೋಗುತ್ತದೆ. ಹಿಂದಿನಿಂದಲೇ ಜನ ನಡೆಯಬಹುದು. ಕೊಯಮತ್ತೂರಿನ ರೂಟ್ಸ್ ಮಲ್ಟಿಕ್ಲೀನ್, ಜರ್ಮನಿಯ ಕಾರ್ಚರ್, ಡೆನ್ಮಾರ್ಕಿನ ನಿಲ್‌ಫಿಸ್ಕ್ ಮೊದಲಾದ ಹೆಸರುಗಳು ನಮ್ಮ ಮಾರುಕಟ್ಟೆಯಲ್ಲಿವೆ.

ವೇಗದ ಲೆಕ್ಕ ಹೀಗೆ. ಅರ್ಧ ಮೀಟರ್ ಅಗಲದ ಯಂತ್ರ ಗಂಟೆಗೆ 3 ಕಿಲೋಮೀಟರ್ ನಡೆದರೆ ಕಾಗದದ ಮೇಲೆ 1500 ಚದರ ಮೀಟರ್. ತಿರುವು, ಒಂದರ ಮೇಲೊಂದು ಬರುವ ಸಾಲು, ನೀರು ತುಂಬುವ ಹೊತ್ತು ಕಳೆದರೆ 900 ಎಂದು ಹಿಡಿಯಿರಿ. 60 ಅಡಿ ಅಗಲ, 100 ಅಡಿ ಉದ್ದದ ಸಭಾಭವನ ಸುಮಾರು 557 ಚದರ ಮೀಟರ್, ಅಂದರೆ ಮುಕ್ಕಾಲು ಗಂಟೆಯೊಳಗಿನ ಕೆಲಸ. ಒಂದು ಮದುವೆ ಮುಗಿದು ಸಂಜೆಗೆ ಇನ್ನೊಂದು ಆರತಕ್ಷತೆ ಇರುವ ಹಾಲಿಗೆ ಇದರ ಬೆಲೆ ತಿಳಿಯುತ್ತದೆ.

ಕಾರ್ಪೆಟಿಗೆ ಇದು ಬಾರದು. ಮೆಟ್ಟಿಲು ಹತ್ತಿಸಲಾಗದು. ರಬ್ಬರ್ ಪಟ್ಟಿಗೆ ಒಂದು ಅನ್ನದ ಅಗುಳು ಸಿಕ್ಕಿಕೊಂಡರೂ ಉದ್ದಕ್ಕೂ ನೀರಿನ ಗೆರೆ ಬೀಳುತ್ತದೆ. ಹಾಗಾಗಿ ಮೊದಲು ಗುಡಿಸಬೇಕು. ದಿನವೂ ಕೊಳೆನೀರಿನ ಟ್ಯಾಂಕು ತೊಳೆದು ಮುಚ್ಚಳ ತೆರೆದಿಡಬೇಕು, ಇಲ್ಲವಾದರೆ ಮರುದಿನ ಹಾಲಿಡೀ ಅದರ ನಾತ.

ಬ್ರಷ್ಷು, ಪ್ಯಾಡು

ಯಂತ್ರಕ್ಕಿಂತ ಹೆಚ್ಚು ನೆಲ ಹಾಳಾಗುವುದು ತಪ್ಪು ಪ್ಯಾಡಿನಿಂದ. ಪ್ಯಾಡಿನ ಬಣ್ಣ ಒಂದು ಭಾಷೆ: ಬಿಳಿ ಹೊಳಪಿಗೆ, ಕೆಂಪು ದಿನದ ಹಗುರ ಕೆಲಸಕ್ಕೆ, ಹಸಿರು ಮತ್ತು ನೀಲಿ ತಿಕ್ಕಲು, ಕಂದು ಮತ್ತು ಕಪ್ಪು ಹಳೆಯ ಪಾಲಿಶ್ ಕಿತ್ತು ತೆಗೆಯಲು. ಬಣ್ಣ ಗಾಢವಾದಷ್ಟೂ ಒರಟು. ಕಪ್ಪು ಪ್ಯಾಡನ್ನು ಕಾವಿ ನೆಲದ ಮೇಲೆ ಓಡಿಸಿದರೆ ಸರಿಪಡಿಸುವ ಉಪಾಯವಿಲ್ಲ.

ಬ್ರಷ್ ಎಳೆಗಳಲ್ಲಿ ನೈಲಾನ್ ಬಾಗಿದರೂ ನೆಟ್ಟಗಾಗುತ್ತದೆ, ಬಹುಕಾಲ ಬಾಳುತ್ತದೆ. ಪಾಲಿಪ್ರೊಪಿಲೀನ್ ಬಿರುಸು. ಮರಳಿನಂಥ ಪುಡಿ ಸೇರಿಸಿದ ಎಳೆಯ ಬ್ರಷ್ ಒರಟು ಕಾಂಕ್ರೀಟಿಗೆ, ಅಂಗಳದ ಇಂಟರ್‌ಲಾಕಿನ ಪಾಚಿಗೆ ಮಾತ್ರ. ಕಾರ್ಪೆಟಿನ ಬ್ರಷ್ ಮತ್ತು ಟೈಲ್ಸಿನ ಬ್ರಷ್ ಎಂದಿಗೂ ಬೇರೆ ಬೇರೆ ಇರಲಿ. ಹೊಸ ಜಾಗಕ್ಕೆ ಹೋದಾಗ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಅಡಿ ಜಾಗ ತಿಕ್ಕಿ, ಒಣಗಿದ ಮೇಲೆ ಮಾಲೀಕರಿಗೆ ತೋರಿಸಿ, ಆಮೇಲೆ ಮುಂದುವರಿಯಿರಿ.

ಕರೆಂಟು ಮತ್ತು ಕೊಳೆನೀರು

ಒಂದೂವರೆ ಎಚ್.ಪಿ. ಮೋಟಾರು ಎಂದರೆ ಸುಮಾರು 1100 ವಾಟ್ ಕೆಲಸ; ಎಳೆಯುವ ಕರೆಂಟು ಅದಕ್ಕಿಂತ ಹೆಚ್ಚು. ಶುರುವಾಗುವ ಕ್ಷಣದಲ್ಲಿ ಇನ್ನೂ ಹಲವು ಪಟ್ಟು. ಟಿ.ವಿ., ಫ್ಯಾನಿನ 6 ಆಂಪಿಯರ್ ಪ್ಲಗ್ಗಿಗೆ ಇದನ್ನು ಹಾಕಬೇಡಿ, 16 ಆಂಪಿಯರಿನದನ್ನು ಕೇಳಿ. ಎಕ್ಸ್‌ಟೆನ್ಶನ್ ವಯರು ದಪ್ಪದ್ದಿರಲಿ, ಅರ್ಥಿಂಗ್ ಇರಲಿ. ಸಪೂರ ವಯರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರು ಕಾಯುತ್ತದೆ. ಒದ್ದೆ ನೆಲದ ಮೇಲೆ ನಿಂತು ಮಾಡುವ ಕೆಲಸವಾದ್ದರಿಂದ ಸೋರಿಕೆಯಾದರೆ ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ನಿಮ್ಮ ಎಕ್ಸ್‌ಟೆನ್ಶನ್ ಪೆಟ್ಟಿಗೆಯಲ್ಲೇ ಇರಲಿ. ಹಳೆಯ ಕಟ್ಟಡಗಳನ್ನು ನಂಬಬೇಡಿ.

ಬ್ಲೀಚಿಂಗ್ ಪೌಡರಿಗೂ ಆಸಿಡ್ಡಿಗೂ ಸಂಬಂಧ ಬೆಳೆಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು.

ಎಳೆದ ಕೊಳೆನೀರನ್ನು ಮಳೆನೀರಿನ ಚರಂಡಿಗೆ ಚೆಲ್ಲುವುದು ಸುಲಭ, ಆದರೆ ಆ ಚರಂಡಿ ಎಲ್ಲಿಗೆ ಹೋಗುತ್ತದೆಂದು ನೆನೆಯಿರಿ. ಬಂಟ್ವಾಳ ಪೇಟೆಯ ಮಗ್ಗುಲಲ್ಲೇ ನೇತ್ರಾವತಿ. ಅದೇ ತಾಲೂಕಿನ ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಕುಡಿಯುವ ನೀರು. ಕಟ್ಟಡದ ಶೌಚದ ಕೊಳವೆಗೆ ಸುರಿಯಿರಿ. ಕೆಸರು ಹೆಚ್ಚಿದ್ದರೆ ಬಕೆಟಿನಲ್ಲಿ ತಂಗಲು ಬಿಟ್ಟು, ತಳದ ಮಣ್ಣನ್ನು ಬೇರೆ ಮಾಡಿ.

ಮೂರು ಊರು, ಮೂರು ಬಗೆಯ ಕೆಲಸ

ಇಷ್ಟು ತಿಳಿದ ಮೇಲೆ ಆಯ್ಕೆಗೆ ಬರಬಹುದು. ಒಂದೊಂದು ಊರನ್ನು ಉದಾಹರಣೆಯಾಗಿ ಹಿಡಿಯೋಣ.

ಬಂಟ್ವಾಳದಲ್ಲಿ ಮಸೀದಿಯೊಂದರ ಕಾರ್ಪೆಟ್ ಕೆಲಸ ಸಿಕ್ಕಿತೆನ್ನಿ. ಅಲ್ಲಿ ದಿನಕ್ಕೆ ಐದು ಹೊತ್ತು ನಮಾಜು. ಖಾಲಿ ಸಿಗುವುದು ರಾತ್ರಿಯ ಇಶಾ ಮುಗಿದು ಬೆಳಗಿನ ಸುಬಹಿಯವರೆಗಿನ ಹೊತ್ತು ಮಾತ್ರ. ಅಷ್ಟರಲ್ಲಿ ತೊಳೆದು, ಹಣೆ ಊರಿದರೆ ತೇವ ತಾಗದಂತೆ ಒಣಗಿರಬೇಕು. ಇಲ್ಲಿ ಚರ್ಚೆಯೇ ಬೇಡ: ಒಣ ವ್ಯಾಕ್ಯೂಮ್, ಎನ್‌ಕ್ಯಾಪ್ಸುಲೇಶನ್ ದ್ರಾವಣ, ಜೋಡಿ ಸಿಲಿಂಡರ್, ಎಲ್ಲ ಫ್ಯಾನು. ಅದೇ ಊರಿನ ನದಿಬದಿಯ ಮಳಿಗೆಗೆ ನೆರೆ ನುಗ್ಗಿದರೆ ಕತೆಯೇ ಬೇರೆ. 1923 ಮತ್ತು 1974ರ ನೆರೆಯನ್ನು ಬಂಟ್ವಾಳ ಇಂದಿಗೂ ಮರೆತಿಲ್ಲ. ಮೆಕ್ಕಲು ಕೂತ ನೆಲಕ್ಕೆ ಬ್ರಷ್ ಹಾಕಿದರೆ ಮರಳು ಟೈಲ್ಸನ್ನು ಗೀರುತ್ತದೆ. ಮೊದಲು ಗುದ್ದಲಿ, ಆಮೇಲೆ ಪೈಪಿನ ನೀರು, ಕೊನೆಗೆ ಸಿಂಗಲ್ ಡಿಸ್ಕ್.

ಬೆಳ್ತಂಗಡಿ ತಾಲೂಕಿನಲ್ಲಿ ಯಾತ್ರಿಕರ ವಸತಿಗೃಹದ ಕೆಲಸ ಹಿಡಿದಿರೆಂದರೆ ಹೆಚ್ಚಿನದು ಕೋಣೆ, ಕಾರಿಡಾರ್, ಬಚ್ಚಲು. ಜಾಗ ಕಿರಿದು, ಮೆಟ್ಟಿಲು ಬಹಳ, ಒಂದು ತಂಡ ಹೋಗಿ ಇನ್ನೊಂದು ತಂಡ ಬರುವ ನಡುವೆ ಹೊತ್ತು ಕಡಿಮೆ. 40 ಕಿಲೋ ಯಂತ್ರವನ್ನು ಮಹಡಿಗೆ ಹೊರಲು ಇಬ್ಬರು ಬೇಕು. ಒಬ್ಬರೇ ಎತ್ತಬಲ್ಲ ಚಿಕ್ಕ ಸಿಲಿಂಡರ್ ಯಂತ್ರ, ಜೊತೆಗೆ ವೆಟ್ ವ್ಯಾಕ್ಯೂಮ್ ಇಲ್ಲಿ ಸರಿಹೊಂದುತ್ತದೆ.

ಮೂಡುಬಿದಿರೆಯಲ್ಲಿ ಹಾಸ್ಟೆಲ್ ಊಟದ ಹಾಲು, ಕಾಲೇಜಿನ ಉದ್ದನೆಯ ವರಾಂಡ. ಸಮತಟ್ಟು, ವಿಶಾಲ, ದಿನವೂ ಕೊಳೆ. ಇಲ್ಲಿ ಸ್ಕ್ರಬರ್ ಡ್ರೈಯರ್ ತನ್ನ ಬೆಲೆಯನ್ನು ತಾನೇ ದುಡಿಯುತ್ತದೆ, ರಜೆಯಲ್ಲಿ ಒಮ್ಮೆ ಸಂದುಗಳಿಗೆ ಸಿಲಿಂಡರ್ ಯಂತ್ರ ಬಾಡಿಗೆಗೆ ತಂದರಾಯಿತು.

ಕೆಲಸದ ಪಂಚಾಂಗವನ್ನೂ ಇಟ್ಟುಕೊಳ್ಳಿ. ಮೇ ಕೊನೆಗೆ ಪತ್ತನಾಜೆ ಬರುತ್ತದೆ. ಜಾತ್ರೆ, ಕೋಲಗಳ ಕಾಲ ಮುಗಿದು ಮಳೆ ಬಾಗಿಲಿಗೆ ಬಂದಿರುತ್ತದೆ. ಎಕ್ಸ್‌ಟ್ರಾಕ್ಷನ್ ಮಾಡಬೇಕಾದ ಕಾರ್ಪೆಟನ್ನೆಲ್ಲ ಅಷ್ಟರೊಳಗೆ, ಬಿಸಿಲಿರುವಾಗಲೇ ಮುಗಿಸಿ. ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲದೆ ಸಭಾಭವನಗಳು ಖಾಲಿ. ಟೈಲ್ಸ್ ಸಂದು, ಗ್ರಾನೈಟ್ ಜಿಡ್ಡು, ಬಚ್ಚಲು ಇವಕ್ಕೆ ಅದೇ ಸುಗ್ಗಿ.

ಮೊದಲ ದುಡ್ಡು ಯಾವುದಕ್ಕೆ?

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಒಣಗಿದ್ದನ್ನೂ ಒದ್ದೆಯನ್ನೂ ಎಳೆಯಬಲ್ಲ ಒಳ್ಳೆಯ ವ್ಯಾಕ್ಯೂಮ್. ಕೆಂಪು ಮಣ್ಣನ್ನು ಮೊದಲು ತೆಗೆಯುವುದೂ ಅದೇ, ಕೊನೆಗೆ ನೀರನ್ನು ಎಳೆಯುವುದೂ ಅದೇ; ಕೈಬ್ರಷ್ಷಿನ ಜೊತೆಗೂ ಅದು ಸಂಪಾದಿಸುತ್ತದೆ. ಎರಡನೆಯದು ಸಿಂಗಲ್ ಡಿಸ್ಕ್, ಒಂದು ಬ್ರಷ್, ಮೂರು ಬಣ್ಣದ ಪ್ಯಾಡು. ಕಾರ್ಪೆಟ್ ಕೆಲಸ ತಿಂಗಳು ತಿಂಗಳೂ ಬರುತ್ತದೆಂದು ಖಾತ್ರಿಯಾದ ಮೇಲೆ ಜೋಡಿ ಸಿಲಿಂಡರ್. ಸ್ಕ್ರಬರ್ ಡ್ರೈಯರನ್ನು ವರ್ಷದ ಒಪ್ಪಂದ ಕೈಗೆ ಬಂದ ಮೇಲೆಯೇ ಯೋಚಿಸಿ.

ಕೊಳ್ಳುವ ಮೊದಲು ಡೀಲರಿಂದ ಪ್ರಾತ್ಯಕ್ಷಿಕೆ ಕೇಳಿ. ಅವರ ಶೋರೂಮಿನ ಹೊಳೆಯುವ ನೆಲದಲ್ಲಿ ಬೇಡ, ನಿಮ್ಮ ಗಿರಾಕಿಯ ಜಾಗದಲ್ಲೇ ಆಗಲಿ, ಸಾಧ್ಯವಾದರೆ ಮಳೆ ಬರುವ ದಿನ. ಒಂದೇ ಬಗೆಯ ಕೊಳೆಯಿರುವ ಎರಡು ತುಂಡು ಜಾಗ ಆರಿಸಿ, ಒಂದೊಂದನ್ನು ಒಂದೊಂದು ಯಂತ್ರದಲ್ಲಿ ತಿಕ್ಕಿಸಿ. ಕೊಳೆ ಹೋದದ್ದನ್ನು ಎಲ್ಲರೂ ನೋಡುತ್ತಾರೆ. ನೀವು ಗಡಿಯಾರ ನೋಡಿ. ಅರ್ಧ ಗಂಟೆಗೊಮ್ಮೆ ಒಣ ಟಿಶ್ಯೂ ಕಾಗದ ಒತ್ತಿ, ಯಾವುದು ಮೊದಲು ತೇವ ಬಿಟ್ಟಿತೆಂದು ಬರೆದಿಡಿ. ಎರಡೂ ಸಮನಾಗಿ ತಿಕ್ಕಿದ್ದರೆ ಮೊದಲು ಒಣಗಿದ್ದನ್ನೇ ಕೊಳ್ಳಿ.